ಶಿರಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ಆಯಿ–ಅಪ್ಪನಿಗೆ ಯಾವ ದಾರಿ ಹಿತ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಎಷ್ಟೋ ಮನೆಗಳ ಮಗನೋ ಮಗಳೋ ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಡಿಕೆ ಕೊಯ್ಲು ಮುಗಿದು ತೋಟದ ಕೆಲಸಕ್ಕೆ ಬಿಡುವು ಸಿಕ್ಕ ಮೇಲೆ, ಇಲ್ಲವೇ ಮಗಳ ಬಾಣಂತನದ ದಿನ ಹತ್ತಿರ ಬಂದಾಗ, ಆಯಿ–ಅಪ್ಪ ಅಲ್ಲಿಗೆ ಹೊರಡುತ್ತಾರೆ. ಟಿಕೆಟ್ಟನ್ನು ಮಕ್ಕಳು ಅಲ್ಲಿಂದಲೇ ತೆಗೆಯುತ್ತಾರೆ. ಅವರ ಕಂಪ್ಯೂಟರಿನಲ್ಲಿ ಕಾಣುವುದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇಷ್ಟು ಗಂಟೆ, ಇಷ್ಟು ಹಣ ಎಂಬ ಲೆಕ್ಕ ಮಾತ್ರ. ಮನೆಯ ಅಂಗಳದಿಂದ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲವರೆಗಿನ ಹಾದಿ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಹೀಗಾಗಿ ಪರದೆಯ ಮೇಲೆ ಎಲ್ಲಕ್ಕಿಂತ ಚುರುಕಾಗಿ ಕಂಡ ಪ್ರಯಾಣವೇ ಅರವತ್ತೈದರ ದೇಹಕ್ಕೆ ಎಲ್ಲಕ್ಕಿಂತ ಭಾರವಾಗಿಬಿಡುವುದುಂಟು. ನಮ್ಮ ಜಿಲ್ಲೆಯವರು ಲೆಕ್ಕವನ್ನು ಅಂಗಳದಿಂದಲೇ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಕ್ರಮದಲ್ಲೇ ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ.

ಗೋಳದ ಮೇಲೆ ದಾರ ಎಳೆದು ನೋಡಿ

ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಭಾರತದಿಂದ ಕ್ಯಾಲಿಫೋರ್ನಿಯಾಕ್ಕೆ ಗೆರೆ ಎಳೆದರೆ ಅದು ಅರಬ್ ನಾಡು, ಉತ್ತರ ಆಫ್ರಿಕಾ, ಅಟ್ಲಾಂಟಿಕ್ ಸಾಗರ, ಇಡೀ ಅಮೆರಿಕವನ್ನು ಅಡ್ಡಡ್ಡ ದಾಟುತ್ತದೆ. ಶಾಲೆಯ ಗೋಳದ ಮೇಲೆ ದಾರ ಬಿಗಿದು ಹಿಡಿದರೆ ಕಾಣುವ ದಾರಿಯೇ ಬೇರೆ. ದಾರ ಬೆಂಗಳೂರಿನಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಏರಿ, ಹಿಮಾಲಯ, ಚೀನಾ, ಸೈಬೀರಿಯಾಗಳನ್ನು ದಾಟಿ, ಆರ್ಕ್ಟಿಕ್ ಸಾಗರದ ದಡ ಮುಟ್ಟಿ, ಅಲಾಸ್ಕಾದ ಕಡೆಯಿಂದ ಕೆಳಗೆ ಇಳಿಯುತ್ತದೆ. ಆ ದಾರದ ಉದ್ದ ಸುಮಾರು 13,990 ಕಿ.ಮೀ.

ಶಿರಸಿಯಿಂದಲೇ ದಾರ ಹಿಡಿದರೆ ಸುಮಾರು 13,930 ಕಿ.ಮೀ. ಬರುತ್ತದೆ. ಅಂದರೆ ಸ್ಯಾನ್ ಫ್ರಾನ್ಸಿಸ್ಕೋಗೆ ಬೆಂಗಳೂರಿಗಿಂತ ಶಿರಸಿಯೇ ಐವತ್ತು–ಅರವತ್ತು ಕಿ.ಮೀ. ಹತ್ತಿರ. ಆದರೂ ವಿಮಾನ ಹತ್ತಲು ನಾವು ನಾನೂರು ಕಿ.ಮೀ. ಆಗ್ನೇಯಕ್ಕೆ, ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ಸಾಗಬೇಕು. ಮಕ್ಕಳ ಪರದೆಯಲ್ಲಿ ಕಾಣದ ಭಾಗ ಇದು.

ದೆಹಲಿಯ ಮೇಲೆ ಹೋದರೆ ಎಷ್ಟು ಸುತ್ತಾಗುತ್ತದೆ ಎಂದು ಹಲವರು ಕೇಳುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,710 ಕಿ.ಮೀ., ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 12,370 ಕಿ.ಮೀ. ಕೂಡಿಸಿದರೆ ನೇರ ದಾರಕ್ಕಿಂತ ನೂರು ಕಿ.ಮೀ.ಯಷ್ಟೇ ಹೆಚ್ಚು. ದೆಹಲಿ ಆ ದಾರದ ಪಕ್ಕದಲ್ಲೇ ಇರುವುದು ಇದಕ್ಕೆ ಕಾರಣ. ದುಬೈ ಮೇಲಿನ ದಾರಿ 2,700 ಮತ್ತು 13,040 ಸೇರಿ ಸುಮಾರು 15,740 ಕಿ.ಮೀ. ಜರ್ಮನಿಯ ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150, ಒಟ್ಟು ಸುಮಾರು 16,550 ಕಿ.ಮೀ. ಸಿಂಗಪುರದ ಮೇಲೆ ಪೂರ್ವದಿಂದ ಹೋದರೆ 3,180 ಮತ್ತು 13,590, ಒಟ್ಟು ಸುಮಾರು 16,770 ಕಿ.ಮೀ.

ಇವು ಗೋಳದ ಮೇಲಿನ ಅತಿ ಹತ್ತಿರದ ಅಂತರಗಳು. ಆಕಾಶದಲ್ಲಿ ವಿಮಾನ ಈ ದಾರವನ್ನು ಅಪ್ಪಟವಾಗಿ ಹಿಡಿಯುವುದಿಲ್ಲ. ಟಿಬೆಟ್ಟಿನ ಪ್ರಸ್ಥಭೂಮಿಯ ಮೇಲೆ ತೊಂದರೆಯಾದರೆ ಬೇಗ ಕೆಳಗಿಳಿಯಲು ಜಾಗವಿಲ್ಲದ ಕಾರಣ ವಿಮಾನಗಳು ಅದನ್ನು ತಪ್ಪಿಸುತ್ತವೆ. ದೇಶಗಳ ಜಗಳವೂ ದಾರಿಯನ್ನು ಉದ್ದ ಮಾಡುತ್ತದೆ. 2022ರಿಂದ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಆಗ ದೆಹಲಿಯಿಂದ ಪಶ್ಚಿಮಕ್ಕೆ ಹೊರಡುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆಗೆ ಇಳಿದು ಸುತ್ತಿ ಹೋಗಬೇಕಾಯಿತು. ಅದೇ ವರ್ಷ ಜೂನ್ 23ರಂದು ಕತಾರ್‌ನ ಆಕಾಶ ಕೆಲವು ಗಂಟೆ ಮುಚ್ಚಿದಾಗ ಕೊಲ್ಲಿಯ ಮೇಲೆ ಹೋಗುವವರು ಎಲ್ಲೆಲ್ಲೋ ಇಳಿದರು. ಟಿಕೆಟ್ ತೆಗೆಯುವ ವಾರ ದಿನಪತ್ರಿಕೆಯ ಅಂತರರಾಷ್ಟ್ರೀಯ ಪುಟವನ್ನು ಓದುವುದು ಕೂಡ ಪ್ರಯಾಣದ ತಯಾರಿಯೇ.

ಟಿಕೆಟ್ಟಿನಲ್ಲಿರುವ ಸಮಯವನ್ನು ಓದುವುದು ಹೇಗೆ

ದೊಡ್ಡ ವಿಮಾನಗಳು ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ಏರುವುದು, ಇಳಿಯುವುದು, ನೆಲದ ಮೇಲೆ ಓಡುವುದು ಎಲ್ಲ ಸೇರಿಸಿ ಒಂದು ಒರಟು ಲೆಕ್ಕ ಹೀಗಿದೆ: ಕಿಲೋಮೀಟರನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಈ ಲೆಕ್ಕದಲ್ಲಿ ಹದಿನಾರು ಗಂಟೆಗೆ ಸ್ವಲ್ಪ ಕಡಿಮೆ ಬರುತ್ತದೆ. ವೇಳಾಪಟ್ಟಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ.

ಇದರ ಮೇಲೆ ಗಾಳಿಯ ಆಟವಿದೆ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿಯ ಹೊಳೆ ಹರಿಯುತ್ತದೆ. ಪೂರ್ವಕ್ಕೆ ಹೋಗುವಾಗ ಅದು ವಿಮಾನವನ್ನು ನೂಕುತ್ತದೆ, ಪಶ್ಚಿಮಕ್ಕೆ ಹೋಗುವಾಗ ತಡೆಯುತ್ತದೆ. ಸಿಂಗಪುರದ ದಾರಿಯಲ್ಲಿ ಇದು ಎದ್ದು ಕಾಣುತ್ತದೆ. ಸಿಂಗಪುರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಹದಿನೈದು ಗಂಟೆ, ಅದೇ ದಾರಿಯಲ್ಲಿ ವಾಪಸು ಬರಲು ಹದಿನೇಳರ ಹತ್ತಿರ.

ಹಿರಿಯರನ್ನು ಗಲಿಬಿಲಿಗೊಳಿಸುವುದು ಗಡಿಯಾರ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಮಾರ್ಚಿನ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ. ಬೆಂಗಳೂರಿನಿಂದ ಏಪ್ರಿಲ್‌ನ ಒಂದು ಮಧ್ಯಾಹ್ನ ಎರಡಕ್ಕೆ ಹೊರಟ ನೇರ ವಿಮಾನ ಅದೇ ದಿನ ಸಂಜೆ ಐದೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತದೆ ಎಂದು ಬರೆದಿದ್ದರೆ, ಪ್ರಯಾಣ ಮೂರೂವರೆ ಗಂಟೆಯದಲ್ಲ. ಅದಕ್ಕೆ ಹನ್ನೆರಡೂವರೆ ಸೇರಿಸಬೇಕು. ಒಟ್ಟು ಹದಿನಾರು ಗಂಟೆ.

ಔಷಧಿ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಬಹಳ ಮುಖ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಪ್ರಯಾಣದ ದಿನ ಯಾವ ಗಡಿಯಾರದಂತೆ ನುಂಗಬೇಕು ಎಂದು ವೈದ್ಯರನ್ನು ಮೊದಲೇ ಕೇಳಿ, ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಇಪ್ಪತ್ತನಾಲ್ಕು ಗಂಟೆ ಕೈಗೆ ಸಿಗುವುದಿಲ್ಲ.

ಐದು ದಾರಿಗಳು

ಬೆಂಗಳೂರಿನಿಂದ ಒಂದೇ ಹಾರಾಟದಲ್ಲಿ ಹೋಗುವುದು ಮೊದಲನೆಯ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ಹಾರಾಟ ಆರಂಭಿಸಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದಾಗ ನಮ್ಮಲ್ಲಿ ಅನೇಕರು ಹೆಮ್ಮೆಪಟ್ಟಿದ್ದೆವು. ಹದಿನಾರರಿಂದ ಹದಿನೇಳು ಗಂಟೆ ಒಂದೇ ಕುರ್ಚಿ, ಆದರೆ ನಡುವೆ ಎಲ್ಲೂ ಇಳಿಯುವುದಿಲ್ಲ, ದಾರಿ ಹುಡುಕುವುದಿಲ್ಲ, ಪೆಟ್ಟಿಗೆ ಕಳೆಯುವ ಭಯ ಕಡಿಮೆ. ಇಂಗ್ಲಿಷ್ ಬಾರದ, ಮೊದಲ ಬಾರಿ ಹೊರಟ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಇಷ್ಟು ದೂರದ ಹಾರಾಟಗಳು ಇಂಧನದ ಬೆಲೆ, ಆಕಾಶದ ನಿರ್ಬಂಧಗಳಿಗೆ ಸಿಕ್ಕಿ ನಿಲ್ಲುತ್ತವೆ, ವಾರದ ದಿನಗಳು ಕಡಿಮೆಯಾಗುತ್ತವೆ. ನಿಮ್ಮ ತಿಂಗಳಿಗೆ ಅದು ಇದೆಯೇ ಎಂದು ಮೊದಲು ನೋಡಿ. ಇದ್ದರೆ, ಹತ್ತು–ಹದಿನೈದು ಸಾವಿರ ರೂಪಾಯಿ ಹೆಚ್ಚು ಕೊಡಬೇಕಾದರೂ ತೆಗೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಅದು ಇಲ್ಲದಿದ್ದರೆ ಒಂದು ಕಡೆ ಇಳಿದು ಹತ್ತಲೇಬೇಕು. ಇಲ್ಲಿ ಒಟ್ಟು ಗಂಟೆಗಿಂತ ಆ ಗಂಟೆಗಳು ಹೇಗೆ ಹಂಚಿಹೋಗಿವೆ ಎಂಬುದನ್ನು ನೋಡಬೇಕು. ದುಬೈ ಅಥವಾ ದೋಹಾ ಮೇಲೆ ಹೋದರೆ ಮೊದಲು ನಾಲ್ಕು ಗಂಟೆ, ಆಮೇಲೆ ಹದಿನಾರು ಗಂಟೆ. ಮಧ್ಯದ ಕಾಯುವಿಕೆ ಸೇರಿ ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕು. ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೇಲೆ ಹೋದರೆ ಮೊದಲು ಹತ್ತು, ಆಮೇಲೆ ಹನ್ನೊಂದು–ಹನ್ನೊಂದೂವರೆ. ಒಟ್ಟು ಇದೂ ಇಪ್ಪತ್ತನಾಲ್ಕರ ಆಸುಪಾಸು. ದೂರ ಎಂಟುನೂರು ಕಿ.ಮೀ. ಹೆಚ್ಚಿದ್ದರೂ ದಾರಿಯ ನಟ್ಟನಡುವೆ ಕಾಲು ಚಾಚಿ ನಡೆಯಲು, ಸೊಂಟ ನೇರ ಮಾಡಲು ಅವಕಾಶ ಸಿಗುತ್ತದೆ. ಮಂಡಿನೋವು, ಕಾಲು ಊದುವ ತೊಂದರೆ ಇರುವವರಿಗೆ ಯುರೋಪಿನ ದಾರಿಯೇ ಮೇಲು. ದೀರ್ಘ ಕಾಲ ಕದಲದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ ಎಂಬುದು ವೈದ್ಯರು ಎಲ್ಲರಿಗೂ ಹೇಳುವ ಮಾತು. ಹದಿನಾರು ಗಂಟೆಯ ಕುರ್ಚಿಯಲ್ಲಿ ಹಿರಿಯರು ಪಕ್ಕದವರಿಗೆ ತೊಂದರೆ ಕೊಡಬಾರದೆಂದು ಏಳುವುದೇ ಇಲ್ಲ. ಅವರಿಗೆ ಕಿಟಕಿಯ ಸೀಟು ಬೇಡ, ನಡೆದಾಡುವ ಹಾದಿಯ ಪಕ್ಕದ ಸೀಟನ್ನೇ ಕಾಯ್ದಿರಿಸಿ.

ಕೊಲ್ಲಿಯ ದಾರಿಯ ಬಲ ಬೇರೆ ಕಡೆ ಇದೆ. ಅಲ್ಲಿನ ನಿಲ್ದಾಣಗಳಲ್ಲಿ ಹಿಂದಿ ಬಲ್ಲ ಸಿಬ್ಬಂದಿ ಸುಲಭವಾಗಿ ಸಿಗುತ್ತಾರೆ. ಸಸ್ಯಾಹಾರವೂ ಸಿಗುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ವಿಮಾನಗಳು ಬಹಳ ಇರುವುದರಿಂದ ಒಂದು ತಪ್ಪಿದರೆ ಇನ್ನೊಂದಕ್ಕೆ ಹತ್ತಿಸುವುದು ಕಂಪನಿಗೆ ಕಷ್ಟವಲ್ಲ. ಯುರೋಪಿನ ದಾರಿ ಆರಿಸುವ ಮೊದಲು ಆ ದೇಶದ ಟ್ರಾನ್ಸಿಟ್ ವೀಸಾ (ನಡುವೆ ಇಳಿದು ವಿಮಾನ ಬದಲಿಸಲು ಬೇಕಾಗುವ ಅನುಮತಿ) ನಿಯಮವನ್ನು ಆ ದೇಶದ ದೂತಾವಾಸದ ತಾಣದಲ್ಲೇ ಓದಿಕೊಳ್ಳಬೇಕು. ಭಾರತದ ಪಾಸ್‌ಪೋರ್ಟಿಗೆ ಈ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ವೀಸಾ ಇದ್ದರೆ ಕೆಲವು ಕಡೆ ವಿನಾಯಿತಿ ಇದೆ. ಏಜೆಂಟರ ಬಾಯಿಮಾತನ್ನು ನಂಬಿ ಹೊರಡಬೇಡಿ.

ದೆಹಲಿಯ ದಾರಿ ದೂರದಲ್ಲಿ ಹತ್ತಿರ, ಮಾತಿಗೂ ತೊಡಕಿಲ್ಲ, ಮೊದಲ ಬದಲಾವಣೆ ನಮ್ಮ ದೇಶದೊಳಗೇ ಆಗುತ್ತದೆ. ಆದರೆ ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು ವಿಮಾನಗಳನ್ನು ಗಂಟೆಗಟ್ಟಲೆ ತಡೆಯುತ್ತದೆ. ಆ ಎರಡು ತಿಂಗಳು ಬಿಟ್ಟು, ಪಶ್ಚಿಮದ ಆಕಾಶ ತೆರೆದಿರುವ ಕಾಲದಲ್ಲಿ, ಇದು ಒಳ್ಳೆಯ ದಾರಿ. ಸಿಂಗಪುರದ ದಾರಿಯನ್ನು ನಾನು ಕೊನೆಗೆ ಇಡುತ್ತೇನೆ. ಹೋಗುವಾಗ ಗಾಳಿ ನೆರವಾಗುತ್ತದೆ, ನಿಲ್ದಾಣ ಅಚ್ಚುಕಟ್ಟು. ಆದರೆ ವಾಪಸು ಬರುವಾಗಿನ ಹದಿನೇಳು ಗಂಟೆ ಯಾವ ಹಿರಿಯರಿಗೂ ಹಗುರವಲ್ಲ.

ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಬೇರೆ ಊರಲ್ಲಿದ್ದರೆ ಒಂದು ವಿಷಯ ತಿಳಿದಿರಬೇಕು. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆಗಳನ್ನು ತೆಗೆದುಕೊಂಡು, ಮತ್ತೆ ಮುಂದಿನ ವಿಮಾನಕ್ಕೆ ಕೊಡಬೇಕು. ಸಾಲು ಉದ್ದವಿರುತ್ತದೆ. ಅಲ್ಲಿ ಮುಂದಿನ ವಿಮಾನಕ್ಕೆ ಕನಿಷ್ಠ ಮೂರು ಗಂಟೆ ಬಿಡುವು ಇರಲಿ. ಅಬುಧಾಬಿಯಲ್ಲಾದರೆ ಅಮೆರಿಕದ ಅಧಿಕಾರಿಗಳೇ ಕೂತು ಈ ತಪಾಸಣೆಯನ್ನು ವಿಮಾನ ಹತ್ತುವ ಮೊದಲೇ ಮುಗಿಸುತ್ತಾರೆ. ನ್ಯೂಯಾರ್ಕ್, ಷಿಕಾಗೋ ಕಡೆಗೆ ಹೋಗುವವರು ಅದನ್ನು ಪರಿಗಣಿಸಬಹುದು.

ಅಂಗಳದಿಂದ ದೇವನಹಳ್ಳಿಗೆ

ಶಿರಸಿಯವರಿಗೆ ಒಂದು ಅನುಕೂಲವಿದೆ, ಅದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ನಾವು ಘಟ್ಟದ ಮೇಲಿದ್ದೇವೆ. ಹಾವೇರಿಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋಗಲು ಒಂದೂ ಘಟ್ಟ ಇಳಿಯಬೇಕಿಲ್ಲ, ಹತ್ತಬೇಕಿಲ್ಲ. ಮಳೆಗಾಲದಲ್ಲಿ ಇದರ ಬೆಲೆ ತಿಳಿಯುತ್ತದೆ.

ಬೆಂಗಳೂರಿಗೆ ರಾತ್ರಿ ಬಸ್ಸುಗಳಿವೆ, ಸರ್ಕಾರಿ, ಖಾಸಗಿ ಎರಡೂ. ಎಂಟು–ಒಂಬತ್ತು ಗಂಟೆಯ ಹಾದಿ. ರಾತ್ರಿ ಒಂಬತ್ತೂವರೆಗೆ ಹೊರಟರೆ ಬೆಳಿಗ್ಗೆ ಆರರ ಸುಮಾರಿಗೆ ಗೊರಗುಂಟೆಪಾಳ್ಯ. ಮೆಜೆಸ್ಟಿಕ್‌ವರೆಗೆ ಹೋದರೆ ಅಲ್ಲಿಂದ ವಿಮಾನ ನಿಲ್ದಾಣಕ್ಕೆ ವಾಯುವಜ್ರ ಬಸ್ ಸಿಗುತ್ತದೆ. ಆದರೆ ದೊಡ್ಡ ಪೆಟ್ಟಿಗೆಗಳಿದ್ದರೆ ಗೊರಗುಂಟೆಪಾಳ್ಯದಲ್ಲೇ ಇಳಿದು ಟ್ಯಾಕ್ಸಿ ಹಿಡಿದು ಹೆಬ್ಬಾಳದ ಮೇಲೆ ಹೋಗುವುದು ಜಾಣತನ. ಬೆಳಗಿನ ಏಳರ ನಂತರ ಹೆಬ್ಬಾಳದ ವಾಹನದಟ್ಟಣೆ ಶುರುವಾಗುತ್ತದೆ.

ವಿಮಾನದ ಸಮಯವನ್ನು ಈ ಬಸ್ಸಿನೊಂದಿಗೆ ಹೊಂದಿಸಿ ನೋಡಬೇಕು. ಅಮೆರಿಕದ ಪ್ರಯಾಣಕ್ಕೆ ನಾಲ್ಕು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಕೌಂಟರ್ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ಮಧ್ಯಾಹ್ನ ಒಂದು, ಎರಡರ ವಿಮಾನಕ್ಕೆ ರಾತ್ರಿ ಬಸ್ಸು ಚೆನ್ನಾಗಿ ಹೊಂದುತ್ತದೆ. ಬೆಳಿಗ್ಗೆ ಹತ್ತರ ವಿಮಾನಕ್ಕೆ ಹೊಂದುವುದಿಲ್ಲ. ದಾರಿಯಲ್ಲಿ ಒಂದು ಟೈರ್ ಪಂಕ್ಚರ್ ಆದರೆ ಎರಡು ಲಕ್ಷದ ಟಿಕೆಟ್ ಹೋಗುತ್ತದೆ. ನಸುಕಿನ ನಾಲ್ಕರ ವಿಮಾನವಾದರೆ ಹಿಂದಿನ ದಿನ ಬೆಳಿಗ್ಗೆಯೇ ಹೊರಟು, ಸಂಜೆ ಬೆಂಗಳೂರಿನ ನೆಂಟರ ಮನೆಯಲ್ಲಿ ಊಟ ಮಾಡಿ, ಸ್ವಲ್ಪ ಮಲಗಿ, ರಾತ್ರಿ ಹನ್ನೊಂದಕ್ಕೆ ಹೊರಡಬೇಕು. ಇಂಥ ವಿಮಾನಗಳ ಟಿಕೆಟ್ ಅಗ್ಗವಿದ್ದರೆ, ಆ ಅಗ್ಗದ ಬೆಲೆಯನ್ನು ಒಂದು ರಾತ್ರಿಯ ನಿದ್ದೆ ಕೊಟ್ಟು ತೀರಿಸುತ್ತೇವೆ ಎಂಬುದು ನೆನಪಿರಲಿ. ಹಿರಿಯರಿಗೆ ಆ ನಿದ್ದೆ ತುಂಬ ದುಬಾರಿ.

ಕಾರಿನಲ್ಲಿ ಹೋಗುವವರು ಬೆಂಗಳೂರಿನ ಒಳಗೆ ಹೋಗುವ ಅಗತ್ಯವೇ ಇಲ್ಲ. ತುಮಕೂರು ದಾಟಿದ ಮೇಲೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ವಿಮಾನ ನಿಲ್ದಾಣವಿರುವ ದೇವನಹಳ್ಳಿ ತಲುಪಬಹುದು. ಏಳೂವರೆ–ಎಂಟು ಗಂಟೆ ಸಾಕು. ಇಬ್ಬರು ಹಿರಿಯರು, ನಾಲ್ಕು ಪೆಟ್ಟಿಗೆ ಇದ್ದರೆ ನನ್ನ ಆಯ್ಕೆ ಇದೇ. ಬೇಕೆಂದಲ್ಲಿ ನಿಲ್ಲಿಸಬಹುದು, ಮನೆಯಿಂದ ತಂದ ಅವಲಕ್ಕಿ–ಮೊಸರು ತಿನ್ನಬಹುದು.

ಹುಬ್ಬಳ್ಳಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಎಂಬ ಯೋಚನೆ ಮಕ್ಕಳಿಗೆ ಸಹಜವಾಗಿಯೇ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಶಿರಸಿಯಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಎರಡೂವರೆ ಗಂಟೆ, ಅಲ್ಲಿ ಒಂದೂವರೆ ಗಂಟೆ ಮೊದಲು ಇರಬೇಕು, ಹಾರಾಟ ಒಂದು ಗಂಟೆಯ ಆಸುಪಾಸು, ಬೆಂಗಳೂರಿನಲ್ಲಿ ಪೆಟ್ಟಿಗೆ ತೆಗೆದುಕೊಂಡು ಬೇಕಾದರೆ ಟರ್ಮಿನಲ್ ಬದಲಿಸಲು ಒಂದು ಗಂಟೆ. ಆರು ಗಂಟೆಯಾಯಿತು. ಕಾರಿಗಿಂತ ಉಳಿದದ್ದು ಒಂದೂವರೆ, ಎರಡು ಗಂಟೆ ಮಾತ್ರ. ಅಂತರರಾಷ್ಟ್ರೀಯ ವಿಮಾನಗಳು ಬೆಂಗಳೂರಿನ ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತವೆ. ಒಳನಾಡಿನ ವಿಮಾನ ಮೊದಲನೆಯದರಲ್ಲಿ ಇಳಿಸಿದರೆ ನಡುವೆ ಬಸ್ಸು ಹತ್ತಬೇಕು.

ಅದಕ್ಕಿಂತ ದೊಡ್ಡ ತೊಡಕು ತೂಕದ್ದು. ಅಮೆರಿಕದ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 23 ಕಿಲೋದ ಎರಡು ಪೆಟ್ಟಿಗೆ ಒಯ್ಯಬಹುದು. ಒಳನಾಡಿನ ಬಿಡಿ ಟಿಕೆಟ್ಟಿನಲ್ಲಿ ಸಾಮಾನ್ಯ ಮಿತಿ 15 ಕಿಲೋ. ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ, ಮೊಮ್ಮಗುವಿಗೆ ಹೊಲಿಸಿದ ಬಟ್ಟೆ ಎಲ್ಲ ಸೇರಿ ನಮ್ಮವರ ಪೆಟ್ಟಿಗೆ ಎಂದೂ ಹಗುರವಿರುವುದಿಲ್ಲ. ಹೆಚ್ಚುವರಿ ಕಿಲೋಗೆ ಹುಬ್ಬಳ್ಳಿಯಲ್ಲಿ ಕಟ್ಟುವ ಹಣದಲ್ಲಿ ಬೆಂಗಳೂರಿಗೆ ಕಾರು ಬಂದುಹೋಗುತ್ತದೆ. ಹುಬ್ಬಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್ ಸಂಖ್ಯೆಯಲ್ಲಿ ಸಿಕ್ಕರೆ ಮಾತ್ರ ಈ ದಾರಿಗೆ ಅರ್ಥವಿದೆ. ಆಗ ಪೆಟ್ಟಿಗೆಗೆ ದೊಡ್ಡ ಟಿಕೆಟ್ಟಿನ ಮಿತಿ ಅನ್ವಯಿಸುತ್ತದೆ, ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಕಂಪನಿಯೇ ಹೊಣೆ. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ, ಹುಬ್ಬಳ್ಳಿಯಲ್ಲಿ ಮೋಡ ಕವಿದು ವಿಮಾನ ರದ್ದಾದ ದಿನ ನಿಮ್ಮ ಅಮೆರಿಕದ ವಿಮಾನ ನಿಮಗಾಗಿ ಕಾಯುವುದಿಲ್ಲ.

ಘಟ್ಟದ ಕೆಳಗಿನವರಿಗೆ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರ ಲೆಕ್ಕ ಬೇರೆಯೇ. ಬೆಂಗಳೂರಿಗೆ ರಸ್ತೆಯಲ್ಲಿ ಬರಬೇಕಾದರೆ ಅರಬೈಲು, ದೇವಿಮನೆ, ಇಲ್ಲವೇ ಗೇರುಸೊಪ್ಪೆಯ ಮೇಲಿನ ಘಟ್ಟ ಹತ್ತಲೇಬೇಕು. ಕುಮಟಾ–ಶಿರಸಿ ರಸ್ತೆಯ ಅಗಲೀಕರಣದ ವರ್ಷಗಳಲ್ಲಿ ದೇವಿಮನೆ ಘಟ್ಟ ಮತ್ತೆ ಮತ್ತೆ ಮುಚ್ಚಿದ್ದು ಎಲ್ಲರಿಗೂ ಗೊತ್ತು. ಕರಾವಳಿಯ ಹೆದ್ದಾರಿಯೂ ಮಳೆಗಾಲದಲ್ಲಿ ಭರವಸೆಯದಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ಅನೇಕ ದಿನ ಬಂದಾಯಿತು. ಅದಾದ ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾದ ಕಡೆಗೆ ಹೋಗುವವರಿಗೆ ಅದೇ ದಾರಿ. ಹೊಸ ಸೇತುವೆಯೊಂದರ ಮೇಲೆಯೇ ಎರಡೂ ಕಡೆಯ ವಾಹನ ಬಿಡಬೇಕಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯವರು ವಿಮಾನದ ಹಿಂದಿನ ದಿನವೇ ನಿಲ್ದಾಣದ ಊರಿನಲ್ಲಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇವರಿಗೆ ಶಿರಸಿಗಿಲ್ಲದ ರೈಲು ಇದೆ. ಕಾರವಾರದಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಮಾರನೆಯ ಬೆಳಿಗ್ಗೆ ಬೆಂಗಳೂರಿಗೆ ಬರುತ್ತದೆ. ಮಲಗಿ ಬರಬಹುದು, ಶೌಚಾಲಯವಿದೆ. ಹಿರಿಯರಿಗೆ ಬಸ್ಸಿಗಿಂತ ನೂರು ಪಾಲು ಮೇಲು. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ಅದನ್ನು ನೋಡಿಯೇ ಹೊರಡಿ. ಯಶವಂತಪುರದಲ್ಲಿ ಇಳಿದರೆ ವಿಮಾನ ನಿಲ್ದಾಣಕ್ಕೆ ಹೆಬ್ಬಾಳದ ದಾರಿ ಹತ್ತಿರ.

ಕಾರವಾರದವರಿಗೆ ಬೆಂಗಳೂರನ್ನೇ ಬಿಟ್ಟುಬಿಡುವ ದಾರಿಯೂ ಇದೆ. ಗೋವಾದ ದಾಬೋಲಿಮ್ ನಿಲ್ದಾಣ ಕಾರವಾರದಿಂದ ಎರಡೂವರೆ ಗಂಟೆಯೊಳಗೆ ಸಿಗುತ್ತದೆ. ಅದು ನೌಕಾಪಡೆಯ ನೆಲೆ, ನಾಗರಿಕ ವಿಮಾನಗಳಿಗೆ ಸಮಯದ ಮಿತಿಯಿದೆ. ಉತ್ತರ ಗೋವಾದ ಮೋಪಾದಲ್ಲಿ ಮನೋಹರ ಪರ್ರೀಕರ್ ಹೆಸರಿನ ಹೊಸ ನಿಲ್ದಾಣ 2023ರ ಜನವರಿಯಿಂದ ನಡೆಯುತ್ತಿದೆ. ಮಡಗಾಂವ, ಪಣಜಿ, ಮಾಪುಸಾ ದಾಟಿ ಹೋಗಬೇಕು, ಮೂರೂವರೆ ಗಂಟೆ ಹಿಡಿಯುತ್ತದೆ. ಗೋವಾದಿಂದ ದೋಹಾಕ್ಕೆ ನೇರ ವಿಮಾನವಿರುವ ಕಾಲದಲ್ಲಿ ಅದು ಸುಮಾರು 2,540 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,000 ಕಿ.ಮೀ. ಬೆಂಗಳೂರಿನಿಂದ ಕೊಲ್ಲಿಯ ಮೇಲೆ ಹೋಗುವುದಕ್ಕಿಂತ ಸ್ವಲ್ಪ ಕಡಿಮೆಯೇ. ಬೆಂಗಳೂರಿನ ಒಂದು ರಾತ್ರಿ ಪೂರ್ತಿ ಉಳಿಯುತ್ತದೆ. ಕಾರವಾರ, ಅಂಕೋಲಾದವರಿಗೆ ಇದು ಸಿಗುವುದಾದರೆ ಬೇರೆ ಯಾವುದನ್ನೂ ಹುಡುಕಬೇಡಿ. ಆದರೆ ಟಿಕೆಟ್ಟಿನಲ್ಲಿ ಗೋವಾ ಎಂದಷ್ಟೇ ಓದಿ ಬಿಡಬೇಡಿ. ದಾಬೋಲಿಮ್ ಮತ್ತು ಮೋಪಾಗಳ ನಡುವೆ ಒಂದೂವರೆ ಗಂಟೆಯ ಅಂತರವಿದೆ. ತಪ್ಪು ನಿಲ್ದಾಣಕ್ಕೆ ಹೋದರೆ ವಿಮಾನ ತಪ್ಪಿದಂತೆಯೇ.

ಭಟ್ಕಳ, ಹೊನ್ನಾವರದವರಿಗೆ ಮಂಗಳೂರು ಹತ್ತಿರ. ಕೊಲ್ಲಿಗೆ ದುಡಿಯಲು ಹೋಗುವವರು ತಲೆಮಾರಿನಿಂದ ಆ ದಾರಿ ಬಲ್ಲರು, ದುಬೈಗೆ ಅಲ್ಲಿಂದ ಸುಮಾರು 2,460 ಕಿ.ಮೀ. ಆದರೆ ಮಂಗಳೂರು–ದುಬೈ ಒಂದು ಕಂಪನಿ, ದುಬೈ–ಅಮೆರಿಕ ಇನ್ನೊಂದು ಕಂಪನಿ ಎಂದು ಬಿಡಿ ಟಿಕೆಟ್ ತೆಗೆದರೆ, ದುಬೈಯಲ್ಲಿ ಪೆಟ್ಟಿಗೆ ತೆಗೆದುಕೊಳ್ಳಲು ಆ ದೇಶದೊಳಗೆ ಹೋಗಬೇಕಾಗುತ್ತದೆ, ಅದಕ್ಕೆ ವೀಸಾ ಬೇಕು. ಗೊತ್ತಿರುವ ದಾರಿಯೆಂದು ಹಿರಿಯರನ್ನು ಹಾಗೆ ಕಳಿಸಬೇಡಿ.

ಅಂಕೋಲೆಯ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣವೊಂದು ಆಗಬೇಕೆಂಬ ಯೋಜನೆ ಬಹಳ ವರ್ಷಗಳಿಂದ ಇದೆ. ಅದು ಆದರೂ ಅಮೆರಿಕಕ್ಕೆ ಹೋಗುವವರ ಲೆಕ್ಕ ಬದಲಾಗುವುದು, ಅಲ್ಲಿಂದ ದೊಡ್ಡ ನಿಲ್ದಾಣಗಳಿಗೆ ಒಂದೇ ಟಿಕೆಟ್ಟಿನ ಜೋಡಣೆ ಬಂದಾಗ.

ಗಾಲಿಕುರ್ಚಿ ಕೇಳಲು ಹಿಂಜರಿಯಬೇಡಿ

ನಡೆಯಲು ತೊಂದರೆಯಿರುವವರಿಗೆ ಗಾಲಿಕುರ್ಚಿಯ ಸಹಾಯವನ್ನು ವಿಮಾನ ಕಂಪನಿಗಳು ಉಚಿತವಾಗಿ ಕೊಡುತ್ತವೆ. ಟಿಕೆಟ್ ತೆಗೆಯುವಾಗಲೇ, ಕನಿಷ್ಠ ಎರಡು ದಿನ ಮೊದಲಾದರೂ ಹೇಳಿಡಬೇಕು. ನಾಲ್ಕು ಹೆಜ್ಜೆ ಚೆನ್ನಾಗಿ ನಡೆಯುವ ಅಪ್ಪ ನನಗ್ಯಾಕೆ ಎನ್ನುತ್ತಾರೆ. ಆದರೆ ಫ್ರಾಂಕ್‌ಫರ್ಟ್‌ನಲ್ಲಿ, ದುಬೈಯಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಒಂದೆರಡು ಕಿ.ಮೀ. ನಡೆಯಬೇಕಾಗಬಹುದು. ಹದಿನಾಲ್ಕು ಗಂಟೆಯ ಪ್ರಯಾಣದ ನಂತರ ಮಂಡಿಗೆ ಅದು ಸಲ್ಲದು. ಆಯಿಗೆ ಮಂಡಿನೋವಿದ್ದರೆ ಅವರಿಗಾದರೂ ಹೇಳಿಡಿ, ಅಪ್ಪ ಅವರ ಜೊತೆಯಲ್ಲೇ ನಡೆದು ಹೋಗುತ್ತಾರೆ, ದಾರಿಯೂ ತಪ್ಪುವುದಿಲ್ಲ. ಮಕ್ಕಳ ಮನೆ ವಿಳಾಸ, ಫೋನ್ ಸಂಖ್ಯೆ, ವಿಮಾನದ ಸಂಖ್ಯೆಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಹಾಳೆಯ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆಗಿಡಿ. ಮೊಬೈಲ್ ಚಾರ್ಜ್ ಮುಗಿದ ಹೊತ್ತಿನಲ್ಲಿ ಆ ಹಾಳೆಯೇ ಆಧಾರ. ಹಸಿ ಹಣ್ಣು, ತರಕಾರಿ, ಬೀಜ, ಸಸಿಗಳನ್ನು ಒಯ್ಯಬೇಡಿ. ಒಯ್ದದ್ದೇನಿದ್ದರೂ ಅಲ್ಲಿ ಹೇಳಿಬಿಡಿ, ಹೇಳದೆ ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ.

ಬರುವಾಗಿನ ಲೆಕ್ಕ

ಹೋಗುವ ಟಿಕೆಟ್ಟಿನ ಮೇಲೆ ಇಟ್ಟ ಗಮನವನ್ನು ವಾಪಸಿನ ಮೇಲೆ ಯಾರೂ ಇಡುವುದಿಲ್ಲ. ಬರುವಾಗ ಗಡಿಯಾರ ಮುಂದಕ್ಕೆ ಹೋಗುತ್ತದೆ, ಒಂದು ದಿನವೇ ಕಳೆದುಹೋದಂತಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುಕ್ರವಾರ ಮಧ್ಯಾಹ್ನ ಹತ್ತಿದವರು ಬೆಂಗಳೂರಿನಲ್ಲಿ ಇಳಿಯುವುದು ಭಾನುವಾರ ನಸುಕಿನಲ್ಲಿ. ಯುರೋಪಿನ ದಾರಿಯಲ್ಲಿ ಬಂದರೆ ಗಾಳಿ ಬೆನ್ನಿಗಿದ್ದು ಎರಡೂ ಹಾರಾಟ ಸ್ವಲ್ಪ ಚಿಕ್ಕದಾಗುತ್ತದೆ.

ಬೆಂಗಳೂರಿಗೆ ಬರುವ ಬಹಳಷ್ಟು ಅಂತರರಾಷ್ಟ್ರೀಯ ವಿಮಾನಗಳು ನಡುರಾತ್ರಿಯಿಂದ ನಸುಕಿನ ಒಳಗೆ ಇಳಿಯುತ್ತವೆ. ಇಮಿಗ್ರೇಷನ್, ಪೆಟ್ಟಿಗೆ ಮುಗಿಸಿ ಹೊರಬರುವಷ್ಟರಲ್ಲಿ ಐದು ಗಂಟೆ. ಶಿರಸಿಗೆ ಹಗಲು ಬಸ್ಸುಗಳು ಕಡಿಮೆ. ಎರಡು ದಿನ ನಿದ್ದೆಗೆಟ್ಟ ದೇಹಕ್ಕೆ ಮತ್ತೆ ಎಂಟು ಗಂಟೆಯ ಬಸ್ಸು ಬೇಡ. ಬೆಂಗಳೂರಿನಲ್ಲಿ ಒಂದು ಹಗಲು, ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಕಾರಿನಲ್ಲಿ ಹೊರಟರೆ ಮಧ್ಯಾಹ್ನ ಮೂರರೊಳಗೆ ಶಿರಸಿ. ಕಾರಿನ ಬಾಡಿಗೆಯನ್ನು ಮೊದಲೇ ಮಾತಾಡಿಡಿ. ಊರಿನ ಚಾಲಕರಾದರೆ ಹಿಂದಿನ ಸಂಜೆಯೇ ಬಂದು ತಂಗುವಂತೆ ಹೇಳಿ, ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದವರ ಕೈಯಲ್ಲಿ ಆಯಿ–ಅಪ್ಪನನ್ನು ಕೂರಿಸಿ ವಾಪಸು ಕಳಿಸಬೇಡಿ.